ಬಿಗಿ ಮನೆಯ ಬಾಣಂತಿ ಕೋಣೆ

ಬಿಸಿನೀರಿನ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಪೈಪು ಜೋಡಿಸುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ. ಈಗಂತೂ ಫೋನಿನಲ್ಲಿ ವಿಡಿಯೊ ನೋಡಿಯೇ ಕಲಿತು ಬರುತ್ತಾರೆ. ನಾನು ಹೇಳಬೇಕೆಂದಿರುವುದು ಬೇರೆ. ಹೊಸ ಮನೆಗೆ ಯಾವ ಹೀಟರ್ ಹಾಕಿಸಬೇಕು ಎಂದು ಮಾತು ಶುರುವಾದಾಗ ಮನೆಯವರು ದುಡ್ಡಿನ ಮಾತಾಡುತ್ತಾರೆ, ನಾವು ಲೀಟರಿನ ಮಾತಾಡುತ್ತೇವೆ. ಆ ಮನೆಯಲ್ಲಿ ಬಿಸಿ ಯಾರಿಗೆ ಬೇಕು, ಯಾತಕ್ಕೆ ಬೇಕು ಎಂಬುದನ್ನು ಇಬ್ಬರೂ ಕೇಳಿಕೊಳ್ಳುವುದಿಲ್ಲ. ಅದನ್ನು ಕೇಳದೆ ಗೋಡೆಗೆ ಡ್ರಿಲ್ ಇಡುವವನನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕೆಲಸ ಬಿಟ್ಟ ಮೇಲೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ಇಳಿದಿದೆಯೋ ಇಲ್ಲವೋ ನನ್ನ ಹೆಂಡತಿಯನ್ನು ಕೇಳಬೇಕು.

ನಾನು ರಾಯದುರ್ಗದವನು. ಹುಲಿಗೆಪ್ಪ ಸಾಹುಕಾರರ ಅಂಗಡಿಯಲ್ಲಿ ಫಿಟ್ಟರ್ ಆಗಿ ಸೇರಿದವನು ಅಲ್ಲೇ ಮುದುಕನಾದೆ. ಸೇರಿದ ಹೊಸದರಲ್ಲಿ ತೂತಾದ ತಾಮ್ರದ ಹಂಡೆಗೆ ಬೆಸುಗೆ ಹಾಕುವುದೇ ಕೆಲಸ. ಆಮೇಲೆ ಸೌದೆ ಬಾಯ್ಲರ್ ಬಂತು, ಕರೆಂಟಿನ ಗೀಸರ್ ಬಂತು, ಕೊನೆಗೆ ಸೋಲಾರ್ ಬಂತು. ನಮ್ಮ ಕಡೆ ಬಿಸಿಲಿಗೇನೂ ಕೊರತೆಯಿಲ್ಲ, ಆದರೆ ಬೋರಿನ ನೀರು ಕೆಟ್ಟದ್ದು. ಗೀಸರ್ ಬಿಚ್ಚಿದರೆ ಒಳಗಿನ ಕಾಯಿಲ್ ಉಪ್ಪು ಕಟ್ಟಿಕೊಂಡು ಸುಣ್ಣದಲ್ಲಿ ಅದ್ದಿ ತೆಗೆದ ಹಾಗಿರುತ್ತಿತ್ತು. ನಾನು ಕೂರಿಸಿದ ಮೊದಲ ಸೋಲಾರ್ ಜೀನ್ಸ್ ಹೊಲಿಸುವ ಯೂನಿಟ್ಟಿನ ಮಾಲೀಕರೊಬ್ಬರ ಮನೆಯದು. ತಣ್ಣೀರು ಹೋಗುವ ಬಾಯಿಗೆ ಬಿಸಿನೀರಿನ ಪೈಪು ಕೊಟ್ಟು ಬಂದಿದ್ದೆ. ಯುಗಾದಿ ಬೆಳಿಗ್ಗೆ ಅವರ ತಂದೆ ಮೈತುಂಬ ಎಣ್ಣೆ ಹಚ್ಚಿಕೊಂಡು ನಲ್ಲಿ ತಿರುಗಿಸಿ ಕೂಗಿಕೊಂಡದ್ದು ಓಣಿಗೆಲ್ಲ ಕೇಳಿಸಿತಂತೆ.

“ಏನಲೇ, ಸೂರ್ಯಗ ತಣ್ಣೀರು ಕುಡಿಸಿ ಬಂದೀಯೇನು?” ಎಂದು ಸಾಹುಕಾರರು ಅಂಗಡಿಯ ಮುಂದೆ ನಿಲ್ಲಿಸಿ ಬೈದರು. ಬೈದರೂ ಸಂಜೆ ಚಹಾ ಕುಡಿಸಿದರು. ಒಳ್ಳೆಯವರು, ಆದರೆ ಅವರದೊಂದು ನಿಯಮವಿತ್ತು. “ಗಿರಾಕಿ ಕೇಳಿದ್ದು ಕೊಡು, ಕೇಳದ್ದು ಹೇಳಬ್ಯಾಡ.” ಈ ವಿಷಯಕ್ಕೆ ನಮ್ಮಿಬ್ಬರಿಗೂ ಕೊನೆಯವರೆಗೂ ಸರಿಬರಲಿಲ್ಲ. ಮಡಕಶಿರದಲ್ಲಿ ಸಣ್ಣ ಬ್ರಾಂಚ್ ತೆರೆದಾಗ ನನ್ನನ್ನೇ ಅಲ್ಲಿಗೆ ಹಾಕಿದ್ದು ನಂಬಿಕೆಯಿಂದಲೋ ನನ್ನ ಬಾಯಿಯಿಂದ ದೂರ ಇರೋಣ ಅಂತಲೋ, ನನಗೆ ಗೊತ್ತಿಲ್ಲ.

ಆ ಹೊತ್ತಿಗೆ ಗ್ಯಾಸ್ ಗೀಸರ್ ಬಂದಿತ್ತು. ಸಣ್ಣ ಡಬ್ಬ, ಕಡಿಮೆ ಬೆಲೆ, ನಲ್ಲಿ ತಿರುಗಿಸುತ್ತಲೇ ಬಿಸಿನೀರು. ಜನ ಮುಗಿಬಿದ್ದು ಕೊಳ್ಳುತ್ತಿದ್ದರು. ಉರಿ ಇದ್ದ ಕಡೆ ಅದರ ಹೊಗೆ ಹೊರಗೆ ಹೋಗಲು ದಾರಿ ಇರಬೇಕು, ಕಣ್ಣಿಗೆ ಕಾಣದ, ಮೂಗಿಗೆ ಬಡಿಯದ ವಿಷವೂ ಅದರಲ್ಲಿರುತ್ತದೆ ಎಂದು ಕಂಪನಿಯವರು ಕಾಗದದಲ್ಲಿ ಬರೆದಿರುತ್ತಾರೆ. ಆ ಕಾಗದ ಡಬ್ಬದ ಜೊತೆಗೇ ತಿಪ್ಪೆಗೆ ಹೋಗುತ್ತದೆ. ಬಚ್ಚಲಿನ ಒಳಗೆ ನಾನು ಒಂದನ್ನೂ ಹಾಕುವುದಿಲ್ಲ, ಹೊರಗಿನ ಗೋಡೆಗಾದರೆ ಹಾಕುತ್ತೇನೆ ಎಂದು ಹಟ ಹಿಡಿದಿದ್ದೆ. ಸಾಹುಕಾರರು ಫೋನು ಮಾಡಿದಾಗಲೆಲ್ಲ ಇದೇ ಜಗಳ.

ಆ ಚಳಿಗಾಲದಲ್ಲಿ ಅಗಳಿ ಹತ್ತಿರದ ಒಂದು ಹಳ್ಳಿಯಿಂದ ರಂಗಪ್ಪ ಮೇಷ್ಟ್ರು ಬಂದರು. ಗಡಿಯ ಕನ್ನಡ ಶಾಲೆಯಲ್ಲಿ ಕನ್ನಡ ಪಾಠ ಮಾಡುವವರು, ಮೆದು ಮಾತಿನವರು. ಅವರ ಶಿಷ್ಯನೊಬ್ಬ ಇಂಜಿನಿಯರ್ ಆಗಿ, ಗುರುಗಳಿಗೆ ಹೊಸ ರೀತಿಯ ಮನೆ ಕಟ್ಟಿಕೊಟ್ಟಿದ್ದ. ಗೋಡೆಯ ನಡುವೆ ಟೊಳ್ಳು ಬಿಟ್ಟ ಇಟ್ಟಿಗೆ ಕೆಲಸ, ತಾರಸಿಗೆ ಬಿಳಿ ಹೆಂಚು, ಕಿಟಕಿ ಬಾಗಿಲುಗಳ ಅಂಚಿಗೆಲ್ಲ ರಬ್ಬರ್ ಪಟ್ಟಿ. ಬೇಸಿಗೆಯಲ್ಲಿ ಒಳಗಿನ ತಂಪು ಹೊರಗೆ ಹೋಗುವುದಿಲ್ಲ, ಚಳಿಯಲ್ಲಿ ಒಳಗಿನ ಶಾಖ ಹೊರಗೆ ಹೋಗುವುದಿಲ್ಲ. ಕರೆಂಟ್ ಬಿಲ್ ಬಹಳ ಕಡಿಮೆ ಬರುತ್ತದಂತೆ. ಆದರೆ ಗೋಡೆಗೇ ದುಡ್ಡೆಲ್ಲ ಹಾಕಿ, ಬಿಸಿಗೆ ಏನೂ ಉಳಿದಿರಲಿಲ್ಲ.

“ಕಡಿಮೆಯಾಗ್ ಆಗೋದು ಏಳಿ. ಮಗಳು ಹೆರಿಗೆಗೆ ಬಂದವ್ಳೆ. ಬಾಣಂತಿ ನೀರಿಗೆ ಬೇಕಲ್ಲ” ಎಂದರು. ಅವರ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಗಳು ಶೋಭಾಳ ಬಾಣಂತನ ಮಾಡುವವರು ಮೇಷ್ಟ್ರ ತಾಯಿ ಈರಜ್ಜಿ.

ಅವರ ಕಣ್ಣು ಗ್ಯಾಸ್ ಗೀಸರಿನ ಮೇಲಿತ್ತು. ಬಚ್ಚಲು ಬಾಣಂತಿಯ ಕೋಣೆಗೇ ಅಂಟಿಕೊಂಡಿದೆ ಎಂದು ಕೇಳಿದ ಮೇಲೆ ನಾನು ಡಬ್ಬವನ್ನು ಕಪಾಟಿಗೆ ವಾಪಸ್ ಇಟ್ಟೆ. “ಮೇಷ್ಟ್ರ, ನಿಮ್ಮ ಮನಿ ಬಿಗಿ ಐತ್ರಿ. ಬಿಗಿ ಮನ್ಯಾಗ ಉರಿ ಇಡಬಾರದ್ರಿ. ಸಣ್ಣ ಸೋಲಾರ್ ಹಾಕ್ಸ್ರಿ, ರೊಕ್ಕ ನಿಧಾನಕ್ಕ ಕೊಡೀರಂತ್ರಿ” ಎಂದೆ. ಅವರು ಬೆರಳಲ್ಲಿ ಲೆಕ್ಕ ಹಾಕಿ ಒಪ್ಪಿದರು. ಸಂಜೆ ಸಾಹುಕಾರರಿಗೆ ತಿಳಿದು, ಕೈಯಲ್ಲಿದ್ದ ಮಾಲು ಬಿಟ್ಟು ಇಲ್ಲದ ಮಾಲು ಮಾರುತ್ತೀಯ ಎಂದು ಫೋನಿನಲ್ಲಿ ಕೂಗಾಡಿದರು. ಅವರು ಹೇಳಿದ್ದೂ ಸುಳ್ಳಲ್ಲ. ಟ್ಯಾಂಕು ಬರುವುದು ತಡವಾಯಿತು, ಅಷ್ಟರಲ್ಲಿ ಶೋಭಾಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಅವಳು ಮಗುವಿನ ಜೊತೆ ಮನೆಗೂ ಬಂದಿದ್ದಳು.

ಟ್ಯಾಂಕು ಬಂದ ಕೂಡಲೇ ಲಗೇಜ್ ಆಟೋದಲ್ಲಿ ಹಾಕಿಕೊಂಡು ಹೋದೆ. ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ಹಂಡೆ ಕಾಯುತ್ತಿತ್ತು. ಮೇಷ್ಟ್ರು ಗಡ್ಡ ಬಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಏನು ಸಮಾಚಾರ ಎಂದೆ.

“ಶೋಭಂಗೆ ತಲೆನೋವು ಕಣ್ರೀ. ಮನೆಗೆ ಬಂದಾಗಿಂದ್ಲೂ. ನಿನ್ನೆ ವಾಂತಿನೂ ಆಯ್ತು. ಕೂಸೂ ಸರಿಯಾಗ್ ಆಲು ಕುಡೀತಿಲ್ಲ, ಬರೀ ನಿದ್ದೆ. ಗಾಳಿ ಸೋಕೈತೆ ಅಂತ ಅಮ್ಮ ನೀವಾಳಿಸ್ತವ್ಳೆ” ಎಂದರು.

ನಾನು ಕೋಣೆಯ ಬಾಗಿಲವರೆಗೆ ಹೋದೆ. ಹೊರಗಿನ ಗಂಡಸು ಬಾಣಂತಿ ಕೋಣೆಗೆ ಕಾಲಿಡುವಂತಿಲ್ಲ, ಹೊಸ್ತಿಲಾಚೆ ನಿಂತೇ ನೋಡಿದೆ. ಶೋಭಾ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು, ಪಕ್ಕದಲ್ಲಿ ಕೂಸು. ಮಂಚದ ಕೆಳಗೆ ಕಬ್ಬಿಣದ ಬಾಣಲೆಯಲ್ಲಿ ಇದ್ದಿಲ ಕೆಂಡ. ನಮ್ಮ ಕಡೆಯೂ ಹಾಗೆಯೇ, ಬಾಣಂತಿಯ ಮೈ ಕಾಯಬೇಕು ಎಂದು ಕೆಂಡ ಇಡುತ್ತಾರೆ. ಅದಲ್ಲ ನನ್ನನ್ನು ಹೆದರಿಸಿದ್ದು. ಕಿಟಕಿ ಮುಚ್ಚಿತ್ತು. ಸೂರಿನ ಹತ್ತಿರ ಇಂಜಿನಿಯರ್ ಹುಡುಗ ಒಂದು ಕಿಂಡಿ ಬಿಟ್ಟಿದ್ದ, ಅದಕ್ಕೆ ಹಳೇ ಸೀರೆ ತುರುಕಿತ್ತು. ಬಚ್ಚಲಿನ ಕಿಂಡಿಗೂ ಗೋಣಿಚೀಲ.

“ಅಮ್ಮಾರ, ಆ ಸೀರಿ ತಗೀರಿ. ಈ ಕೋಣಿಗೆ ಗಾಳಿ ಬೇಕ್ರಿ” ಎಂದೆ.

ಈರಜ್ಜಿ ಕೂಸಿನ ಪಕ್ಕದಿಂದ ಎದ್ದು ಬಂದರು. ಸಣ್ಣ ಆಳು, ಕುರಿ ಹಿಂದೆ ತಿರುಗಿ ಗಟ್ಟಿಯಾದ ಕಾಲು. “ಏನಂದೆ? ಅಸೀ ಬಾಣಂತಿ ಬಾಗ್ಲಾಗ್ ನಿಂತ್ಕಂಡು ಗಾಳಿ ಕರೀತೀಯಾ? ನಿನ್ ಬಾಯಿಗ್ ಮಣ್ಣಾಕ! ಓಗಾಚೆಗೆ!” ಎಂದು ಥೂ ಥೂ ಎಂದು ಉಗಿದು ಬಾಗಿಲು ಹಾಕಿಕೊಂಡರು. ರಬ್ಬರ್ ಪಟ್ಟಿ ಇರುವ ಬಾಗಿಲು, ಸದ್ದಿಲ್ಲದೆ ಕೂತುಕೊಂಡಿತು.

ನಮ್ಮ ಕಸುಬಿನಲ್ಲಿ ಗಾಳಿ ಅಂದರೆ ಕಿಂಡಿಯಿಂದ ಬಂದು ಹೋಗುವಂಥದ್ದು. ಆ ಅಜ್ಜಿಗೆ ಗಾಳಿ ಅಂದರೆ ಬಾಣಂತಿಯನ್ನು ಹೊತ್ತುಕೊಂಡು ಹೋಗುವಂಥದ್ದು. ನಾನು ಅದನ್ನು ಹೆಸರು ಹಿಡಿದು ಕರೆದಿದ್ದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು.  ಕೆಂಡದ ವಿಷ ತುಂಬಿಕೊಂಡರೆ ತಲೆ ನೋಯುತ್ತದೆ, ವಾಂತಿ ಬರುತ್ತದೆ, ಮಂಪರು ಕವಿಯುತ್ತದೆ. ಗಾಳಿ ಸೋಕಿದರೆ ಆಗುತ್ತದೆ ಎಂದು ಹಿರಿಯರು ಹೇಳುವುದೂ ಇವೇ. ಮೊಮ್ಮಗಳಿಗೆ ತಲೆ ನೋಯುತ್ತದೆ ಎಂದು ಅಜ್ಜಿ ಸಂದಿಗೊಂದಿ ಮುಚ್ಚಿ ಇನ್ನೊಂದಿಷ್ಟು ಕೆಂಡ ಹಾಕುತ್ತಾರೆ. ತಲೆನೋವು ಹೆಚ್ಚಾಗುತ್ತದೆ. ಅಜ್ಜಿ ಮತ್ತೆ ಮುಚ್ಚುತ್ತಾರೆ, ಮತ್ತೆ ಕೆಂಡ ಹಾಕುತ್ತಾರೆ. ಎಲ್ಲ ಪ್ರೀತಿಯಿಂದಲೇ.

ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಇದನ್ನು ಬಿಡಿಸಿ ಹೇಳಿದೆ. ಅವರ ಮುಖ ಬಿಳಿಚಿತು. ಆದರೂ, “ಅಮ್ಮ ಊರಾಗೆ ಅರ್ಧ ಜನಕ್ಕೆ ಬಾಣಂತನ ಮಾಡವ್ಳೆ ಕಣ್ರೀ. ಇಂಗೇ ಕೆಂಡ ಇಕ್ಕೇ ಮಾಡಿದ್ದು. ಒಂದು ಜೀವಕ್ಕೂ ಏನೂ ಆಗಿಲ್ಲ. ನೀವು ಟ್ಯಾಂಕ್ ಕೂರ್ಸಿ, ಬಿಸ್ನೀರು ಬರ್ಲಿ. ಅಷ್ಟೊತ್ಗೆ ನಾನು ಅಮ್ಮಂಗೆ ನಿಧಾನ್ಕೆ ಏಳ್ತೀನಿ” ಎಂದರು.

ಆ ‘ನಿಧಾನ’ ಎಂಬ ಮಾತು ಕೇಳಿ ನನಗೆ ಅವರ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಆದರೆ ಮನೆ ಅವರದು, ತಾಯಿ ಅವರವರು. ಈಗಲೇ ಹೇಳಿ ಎಂದು ಅವರನ್ನು ಕೋಣೆಯ ಕಡೆ ತಳ್ಳಿ, ನಾನು ತಾರಸಿ ಹತ್ತಿದೆ. ಕೆಳಗೆ ಮೇಷ್ಟ್ರು ಬಾಗಿಲಾಚೆ ನಿಂತು ಗೊಣಗುವುದು, ಒಳಗಿಂದ ಅಜ್ಜಿ ಗದರುವುದು ಕೇಳಿತು. ನೀರು ಹಾಕಿ ಧೂಪ ಕೊಟ್ಟು ಆಮೇಲೆ ಸೀರೆ ತೆಗೆಯುತ್ತೇನೆ ಎಂದರಂತೆ. ಮೊದಲೇ ಹೊತ್ತಿಟ್ಟಿದ್ದ ಹಂಡೆಯ ನೀರು ಬಚ್ಚಲಿನಲ್ಲಿ ಸುರಿಯುವ ಸದ್ದು ಬಂತು. ನಾನು ಸ್ಟ್ಯಾಂಡು ನಿಲ್ಲಿಸಿ ಬೋಲ್ಟು ಬಿಗಿಯತೊಡಗಿದೆ. 

ನೀರಿನ ಸದ್ದು ನಿಂತಿತು. ಇನ್ನು ಧೂಪ. ನಾನು ನನಗೇ ತಿಳಿಯದೆ ವಾಸನೆಗೆ ಕಾಯುತ್ತಿದ್ದೆ. ಬಾಣಂತಿಗೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ ಹೊಗೆ ಕೊಟ್ಟರೆ ಬೀದಿಗೆಲ್ಲ ತಿಳಿಯುತ್ತದೆ. ಹಳೇ ಮನೆಗಳಲ್ಲಿ ಹೆಂಚಿನ ಸಂದಿಯಿಂದ, ಬೆಳಕಿಂಡಿಯಿಂದ ಹೊಗೆ ಎದ್ದು ಬರುತ್ತದೆ. ಇಲ್ಲಿ ನಾನು ಆ ಕೋಣೆಯ ನೆತ್ತಿಯ ಮೇಲೇ ನಿಂತಿದ್ದೆ. ಏನೂ ಬರಲಿಲ್ಲ. ಬಿಳಿ ಹೆಂಚಿನ ಮೇಲೆ ಬಿಸಿಲು ಬಿದ್ದಿತ್ತು, ಅಷ್ಟೆ. ಒಂದು ಎಳೆ ವಾಸನೆ ಕೂಡ ಹೊರಗೆ ಬರದ ಕೋಣೆಯಲ್ಲಿ ಮೂರು ಜೀವ ಇದ್ದವು.

ಪೈಪ್ ರೆಂಚನ್ನು ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲಿಳಿದೆ. “ಬಾಗ್ಲ ತಗಸ್ರಿ ಮೇಷ್ಟ್ರ!” ಎಂದು ಕೂಗಿದೆ. ಅವರು ಬಾಗಿಲು ಬಡಿದರು. “ಅಮ್ಮಾ! ಅಮ್ಮಾ!” ಅಜ್ಜಿ ಗದರಲಿಲ್ಲ. ಅಷ್ಟು ಹೊತ್ತು ಗದರುತ್ತಿದ್ದ ದನಿ ಸುಮ್ಮನಾದದ್ದೇ ನನಗೆ ಸಾಕಾಯಿತು. ಚಿಲಕ ಒಳಗಿನಿಂದ ಹಾಕಿತ್ತು. ಹೊರಗೆ ಓಡಿ ಹೋಗಿ ಕಂಬಿಯ ಸಂದಿನಿಂದ ರೆಂಚು ತೂರಿಸಿ ಕಿಟಕಿಯ ಗಾಜು ಒಡೆದೆ. ಬಿಸಿಯೂ ಸಾಂಬ್ರಾಣಿಯೂ ಒಟ್ಟಿಗೆ ಮುಖಕ್ಕೆ ಬಡಿದವು.

ಅಜ್ಜಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು, ಕಣ್ಣು ಅರ್ಧ ತೆರೆದಿತ್ತು. “ಚಿಲಕ ತಗೀರಿ ಅಮ್ಮಾರ! ಕೂಸು ಐತಿ ಒಳಗ! ಕೂಸು!” ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಕೂಸು ಎಂಬ ಮಾತಿಗೆ ಅವರು ಅಲುಗಿದರು. ಎದ್ದು ನಿಲ್ಲಲಾಗದೆ ಅಂಬೆಗಾಲಿನಲ್ಲಿ ಬಾಗಿಲವರೆಗೆ ಬಂದು, ಬಾಗಿಲು ಹಿಡಿದು ಮೇಲೆದ್ದು ಚಿಲಕ ಎಳೆದು ಅಲ್ಲೇ ಕುಸಿದರು.

ಮೇಷ್ಟ್ರು ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದರು. ನಾನೂ ಆಟೋದವನೂ ಶೋಭಾಳನ್ನು ಕಂಬಳಿ ಸಮೇತ ಹೊತ್ತು ತಂದೆವು, ಆಮೇಲೆ ಅಜ್ಜಿಯನ್ನು. ಶೋಭಾ ನರಳುತ್ತಿದ್ದಳು. ಮಗು ಮೇಷ್ಟ್ರ ತೋಳಿನಲ್ಲಿ ಜೋತುಬಿದ್ದಿತ್ತು, ಅಳುತ್ತಿರಲಿಲ್ಲ. ಮೇಷ್ಟ್ರು ಅದರ ಅಂಗಾಲು ಉಜ್ಜುತ್ತ, “ಅಳವ್ವ, ಅಳವ್ವ, ಒಂದ್ಸಲ ಅಳು” ಎಂದು ಬೇಡಿಕೊಳ್ಳುತ್ತಿದ್ದರು. ನನ್ನ ಬದುಕಿನಲ್ಲಿ ಅಷ್ಟು ಹೆದರಿದ್ದು ಬೇರೆ ಯಾವತ್ತೂ ಇಲ್ಲ. ಕೊನೆಗೆ ಅದು ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ಮಾಡಿತು, ಆಮೇಲೆ ಬಾಯಿ ಬಿಟ್ಟು ಅತ್ತಿತು. ಮೇಷ್ಟ್ರೂ ಅತ್ತರು. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಆಂಬುಲೆನ್ಸ್ ಕರೆಸಿ ಮಡಕಶಿರದ ಆಸ್ಪತ್ರೆಗೆ ಸೇರಿಸಿದೆವು. ಮೂವರಿಗೂ ಆಕ್ಸಿಜನ್ ಕೊಟ್ಟರು. ಡಾಕ್ಟರಮ್ಮ ಅಜ್ಜಿಗೆ ತೆಲುಗಿನಲ್ಲೂ ಕನ್ನಡದಲ್ಲೂ ತಾಳ್ಮೆಯಿಂದ ತಿಳಿಸಿ ಹೇಳಿದರು. ಅಜ್ಜಿ ಎಲ್ಲದಕ್ಕೂ ತಲೆಯಾಡಿಸಿದರು. ಸಾಹುಕಾರರು ಫೋನು ಮಾಡಿ, “ಗಿರಾಕಿ ಮನಿ ಗಾಜು ಒಡದೀಯಂತ. ಏನಾರ ಕೇಸ್ ಆದ್ರ ನನ್ನ ಅಂಗಡಿ ಹೆಸರು ಬರತೈತಿ. ಟ್ಯಾಂಕ್ ಅಲ್ಲೇ ಬಿಟ್ಟು ಬಾ” ಎಂದರು. ಬರುವುದಿಲ್ಲ ಎಂದು ಕಟ್ ಮಾಡಿದೆ.

ಮೂವರೂ ಚೇತರಿಸಿಕೊಂಡು ಮನೆಗೆ ಬಂದ ದಿನ ಬೆಳಿಗ್ಗೆ ನಾನು ಟ್ಯಾಂಕಿನ ಪೈಪು ಜೋಡಿಸುತ್ತಿದ್ದೆ. ಅಜ್ಜಿ ಆಟೋದಿಂದ ಇಳಿದವರು ಮೊದಲು ಮಾಡಿದ ಕೆಲಸ ಹೇಳಿದರೆ ನೀವು ನಂಬಲಿಕ್ಕಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೇ ಸೀರೆ ಎತ್ತಿಕೊಂಡರು. ಒಡೆದ ಕಿಟಕಿಗೆ ರಟ್ಟು ಹುಡುಕತೊಡಗಿದರು. ಒಲೆಯ ಹತ್ತಿರ ಇದ್ದಿಲ ಚೀಲ ಬಿಚ್ಚಿಟ್ಟರು.

“ಅಮ್ಮಾ, ಡಾಕ್ಟ್ರು ಏನೇಳಿದ್ರು?” ಎಂದರು ಮೇಷ್ಟ್ರು.

“ಡಾಕ್ಟ್ರಿಗೇನ್ ಗೊತ್ತು ಬಾಣಂತನ? ಒಳ್ಗೆ ಬೆಚ್ಗೆ ಕುಂತಿದ್ವಿ. ಇವ್ನು ಕಿಟ್ಕಿ ಒಡ್ದು ಗಾಳಿ ಒಳೀಕ್ ಬಿಟ್ಟ. ಅದ್ಕೇ ಆಸ್ಪತ್ರೆ ಕಂಡ್ವಿ” ಎಂದರು ಅಜ್ಜಿ, ನನ್ನ ಕಡೆ ಬೆರಳು ತೋರಿಸಿ.

ಅವರ ಕಡೆಯಿಂದ ನೋಡಿದರೆ ಅದೇ ಸರಿ. ನಾನು ಗಾಳಿ ಕರೆದೆ, ಅವರಿಗೆ ತಲೆ ತಿರುಗಿತು, ಕಿಟಕಿ ಒಡೆದೆ, ಆಸ್ಪತ್ರೆ ಸೇರಿದರು. ಶೋಭಾ ಕೂಸನ್ನು ಎದೆಗವುಚಿಕೊಂಡು ಹೊಸ್ತಿಲಲ್ಲೇ ನಿಂತಿದ್ದಳು. ಒಳಗೆ ಹೋಗಲು ಅವಳಿಗೆ ಭಯ, ಹೋಗುವುದಿಲ್ಲ ಎನ್ನಲೂ ಭಯ. ನಾನು ಮಡಕಶಿರದ ಬಸ್ಸು ಹತ್ತಿದ ಮೇಲೆ ಆ ಬಾಗಿಲು ಮತ್ತೆ ಮುಚ್ಚುತ್ತದೆ. ಪ್ರತಿ ಸಲವೂ ತಾರಸಿಯ ಮೇಲೆ ಯಾರಾದರೂ ಇರುತ್ತಾರೆಯೇ?

ಜಗಳವಾಡಿದರೆ ಕೆಲಸ ಕೆಡುತ್ತದೆ ಎಂದು ಗೊತ್ತಿತ್ತು, ಆದರೂ ಬಾಯಿತನಕ ಬಂದಿತ್ತು. ಅಷ್ಟರಲ್ಲಿ ಅಂಗಳದ ಮೂಲೆಯಲ್ಲಿ ಕುರಿಮರಿ ಕೂಗಿತು. ದೊಡ್ಡ ಕುರಿಗಳು ಮೇಯಲು ಹೋಗಿದ್ದವು, ಎಳೇ ಮರಿಗಳನ್ನು ಬಿದಿರಿನ ದೊಡ್ಡ ಕುಕ್ಕೆ ಬೋರಲು ಹಾಕಿ ಅದರ ಕೆಳಗೆ ಬಿಟ್ಟಿದ್ದರು.

“ಅಮ್ಮಾರ, ಒಂದು ಕೇಳ್ತೀನಿ, ಬೈಬ್ಯಾಡ್ರಿ. ಮರಿಗುಳ ಮ್ಯಾಲೆ ಕುಕ್ಕಿ ಯಾಕ್ರಿ? ಅದರ ಸಂದ್ಯಾಗ ಚಳಿ ಹೋಗತೈತಿ. ಈ ಹಂಡಿ ಬೋರಲ ಹಾಕ್ರಿ, ಬೆಚ್ಚಗ ಇರತಾವ” ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ನಿಂಗೇನ್ ಬುದ್ಧಿ ಐತಾ? ಅಂಡೆ ಕೆಳ್ಗೆ ಮರಿ ಮುಚ್ಚಿದ್ರೆ ಉಸ್ರು ಕಟ್ಟಿ ಸತ್ತೋಗಲ್ವಾ?”

“ಚಳಿಗಾಳಿ ಸೋಕೂದಿಲ್ಲಲ್ರಿ?”

“ಸೋಕ್ದಿದ್ರೇನು ಬಂತು! ಅವುದ್ರ ಉಸ್ರೇ ಅವುಕ್ಕೆ ಸುತ್ಕಂತದೆ.”

“ನಿಮ್ಮ ಹಳೇ ಮನಿ ಕುಕ್ಕಿ ಇತ್ರಿ ಅಮ್ಮಾರ. ಹೆಂಚಿನ ಸಂದಿ, ಬಾಗ್ಲ ಸಂದಿ. ಅದರಾಗ ಕೆಂಡ ಇಟ್ಟು ಊರ ಮಂದಿನೆಲ್ಲ ಉಳಿಸೀರಿ. ಈ ಮನಿ ಹಂಡಿ ಐತ್ರಿ. ಮನುಷ್ಯಾರ ಉಸಿರಷ್ಟ ಅಲ್ಲ, ಕೆಂಡದ ಉಸಿರೂ ಇದರಾಗ ಸುತ್ತತೈತಿ.”

ಈ ಸಲ ನಾನು ಗಾಳಿ ಎಂಬ ಮಾತನ್ನು ಬಾಯಿಗೆ ತರಲಿಲ್ಲ. ಅಜ್ಜಿ ಸೀರೆ ಹಿಡಿದುಕೊಂಡೇ ನಿಂತರು. ಮನೆಯನ್ನು ನೋಡಿದರು, ಬಾಗಿಲಿನ ಹತ್ತಿರ ಹೋಗಿ ರಬ್ಬರ್ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, “ಅಂಡೆ ಕಟ್ಸಿದ್ದೀಯೇನ್ಲಾ?” ಎಂದರು.

“ಕಿಂಡಿ ಬಿಟ್ಟವ್ರೆ ಅಮ್ಮ. ನೀನೇ ಮುಚ್ಚಿದ್ದು” ಎಂದರು ಮೇಷ್ಟ್ರು. ತಾಯಿಯ ಎದುರು ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಜ್ಜಿಯ ಕಣ್ಣು ತುಂಬಿತು. ಶೋಭಾಳ ತೋಳಿನಿಂದ ಕೂಸನ್ನು ಎತ್ತಿಕೊಂಡು ಅದರ ನೆತ್ತಿ ಮೂಸಿದರು. ಆಮೇಲೆ ನನ್ನನ್ನು ಕೇಳಿದರು: “ಕೆಂಡ ಬ್ಯಾಡ ಅಂದ್ರೆ ಬೆಚ್ಗೆ ಎಂಗ್ಲಾ ಇಕ್ಲಿ ತಾಯಿ ಕೂಸ್ನ? ಚಳಿಗ್ ಸಾಯಿಸ್ಲಾ?”

ಇಂಥ ಪ್ರಶ್ನೆಗೆ ನಮ್ಮ ಕಸುಬಿನವನ ಹತ್ತಿರ ಉತ್ತರ ಇರಬೇಕು. ಬರೀ ಬೇಡ ಬೇಡ ಎನ್ನುವವನು ಅರ್ಧ ಫಿಟ್ಟರ್. ಬಿಗಿ ಮನೆಯ ಒಳ್ಳೆಯ ಗುಣವೆಂದರೆ ಅದಕ್ಕೆ ಸ್ವಲ್ಪ ಬಿಸಿ ಸಾಕು. ಸಂಜೆಗೆ ಸೋಲಾರ್ ಟ್ಯಾಂಕಿನಲ್ಲಿ ಕೈ ಸುಡುವ ನೀರಿತ್ತು. ಸ್ಟೀಲ್ ಬಿಂದಿಗೆಗಳಿಗೆ ಬಿಸಿನೀರು ತುಂಬಿಸಿ, ಮುಚ್ಚಳ ಬಿಗಿದು, ಕಂಬಳಿ ತುಂಡು ಸುತ್ತಿ, ಕೆಂಡದ ಬಾಣಲೆ ಇದ್ದ ಜಾಗದಲ್ಲೇ ಮಂಚದ ಕೆಳಗೆ ಸಾಲಾಗಿ ಇಡಿಸಿದೆ. ಮೋಡ ಮುಸುಕಿದ ದಿನ ಅಂಗಳದ ಹಂಡೆಯಿಂದ ತುಂಬಿಸಿಕೊಳ್ಳಿ ಎಂದೆ. ಸೂರಿನ ಕಿಂಡಿ ತೆರೆದೇ ಇರಬೇಕು, ಅದು ಕುಕ್ಕೆಯ ಸಂದಿ ಎಂದೆ. ಕೋಣೆ ಬಿಸಿಮಾಡುವ ಹೀಟರ್ ಕೊಳ್ಳುವ ಮಾತೇ ಬರಲಿಲ್ಲ. ಸಾಹುಕಾರರಿಗೆ ಹೇಳಿದರೆ, ಬಿಂದಿಗೆ ಮಾರೋ ಅಂಗಡಿ ಇಡು ಹೋಗು ಎಂದರು.

ನಾಲ್ಕಾರು ದಿನ ಕಳೆದು, ಟ್ಯಾಂಕು ಸೋರುತ್ತಿದೆಯೇ ನೋಡುವ ನೆಪ ಮಾಡಿಕೊಂಡು ಹೋದೆ. ನಿಜ ಹೇಳಬೇಕೆಂದರೆ ಆ ಬಾಗಿಲು ನೋಡಬೇಕಿತ್ತು. ಮೇಷ್ಟ್ರು ಶಾಲೆಗೆ ಹೋಗಿದ್ದರು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಶೋಭಾ ಎದ್ದು ಕೂತು ಊಟ ಮಾಡುತ್ತಿದ್ದಳು, ಮುಖಕ್ಕೆ ಬಣ್ಣ ಬಂದಿತ್ತು. ಕೂಸು ಕಾಲು ಝಾಡಿಸುತ್ತಿತ್ತು. ಮಂಚದ ಕೆಳಗೆ ಬಿಂದಿಗೆಗಳು. ಕಿಂಡಿಯಲ್ಲಿ ಸೀರೆ ಇರಲಿಲ್ಲ, ಆಕಾಶ ಕಾಣುತ್ತಿತ್ತು.

ಈರಜ್ಜಿ ಮಾತ್ರ ಮಂಚದ ಹತ್ತಿರ ಇರಲಿಲ್ಲ. ಸರಿಯಾಗಿ ಆ ಕಿಂಡಿಯ ಕೆಳಗೆ, ಗೋಡೆಗೂ ಮಂಚಕ್ಕೂ ನಡುವೆ, ಕರಿ ಕಂಬಳಿ ಹೊದ್ದು ನೆಟ್ಟಗೆ ಕೂತಿದ್ದರು. ದಿನವೆಲ್ಲ ಅಲ್ಲೇ ಕೂರುತ್ತಾರೆ, ಮಲಗುವುದೂ ಅಲ್ಲೇ, ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದಳು ಶೋಭಾ.

“ಅಲ್ಯಾಕ ಕುಂತೀರಿ ಅಮ್ಮಾರ? ಚಳಿ ಹತ್ತತೈತಿ” ಎಂದೆ ಹೊಸ್ತಿಲಾಚೆಯಿಂದ.

“ನೀನು ಏಳ್ದಂಗೆ ಕಿಂಡಿ ಬಿಟ್ಟಿವ್ನಿ” ಎಂದರು ಅಜ್ಜಿ. “ಅದು ಬಂದ್ರೆ ಮೊದ್ಲು ನನ್ನ ಸೋಕ್ಲಿ.”